ಬಾವಲಿ ಕೊಟ್ಟ ಬಾಂಕು

ಪುತ್ತೂರು ಪೇಟೆಯಲ್ಲಿ ಮಳೆ ಇಲ್ಲದ ದಿನವೂ ಜನ ಕೊಡೆ ಬಿಡಿಸಿಕೊಂಡು ಹೋಗುವ ಒಂದು ದಾರಿ ಇದೆ. ಬಸ್‌ಸ್ಟ್ಯಾಂಡಿನ ಗದ್ದಲ ಮುಗಿದ ಮೇಲೆ ಎರಡು ಮೊಬೈಲ್ ಅಂಗಡಿ, ಆಮೇಲೆ ಒಂದು ಹಳೆಯ ಹಂಚಿನ ಮಾಳಿಗೆ ಕಟ್ಟಡ. ಅದರ ಬೆನ್ನಿಗೆ ಒಂದು ಮಳೆಮರ. ಆ ಮರದಲ್ಲಿ ಎಲೆ ಹೆಚ್ಚೋ ಬಾವಲಿ ಹೆಚ್ಚೋ ಎಂದು ಕೇಳಿದರೆ ನೋಡಿದವರು ಸ್ವಲ್ಪ ಯೋಚಿಸಿಯೇ ಹೇಳಬೇಕು. ಹಗಲಿಡೀ ಒಗೆದು ಒಣಹಾಕಿದ ಕರಿ ಬಟ್ಟೆಯ ಹಾಗೆ ನೇತಾಡುವ ಅವು ಹೊತ್ತು ಕಂತುವಾಗ ಮೈಮುರಿಯುತ್ತವೆ. ಮೊದಲು ಒಂದೆರಡು ಕೊಂಬೆ ಬಿಟ್ಟು ಮರಕ್ಕೆ ಸುತ್ತು ಬರುತ್ತವೆ. ಆಮೇಲೆ ಹೊಳೆಯ ಕಟ್ಟ ಒಡೆದ ಹಾಗೆ, ಪೇಟೆಯ ತಲೆಯ ಮೇಲಿಂದ, ಗುಡ್ಡೆಯಾಚೆಯ ತೋಟಗಳ ಕಡೆಗೆ. ಹೋಗುವಾಗ ಕೆಳಗಿನವರಿಗೆ ಏನಾದರೂ ಉದುರಿಸಿಯೇ ಹೋಗುವುದು ಅವುಗಳ ಕ್ರಮ. ಅದಕ್ಕೇ ಕೊಡೆ.

ಆ ಕೊಡೆಗಳನ್ನು ಮಾಳಿಗೆಯ ಜಗಲಿಯಿಂದ ನೋಡಿ ನಗುವವಳು ನೆಬೀಸ.

ನೆಬೀಸ ಕಡಬದ ಕಡೆಯವಳು. ಮದುವೆಯಾಗಿ ಪುತ್ತೂರಿಗೆ ಬಂದಳು. ಗಂಡ ಅಡಿಕೆ ಲಾರಿಯ ಡ್ರೈವರ್. ಎಷ್ಟೋ ಸಲ ಘಾಟಿ ಹತ್ತಿ ಇಳಿದವನು, ಒಂದು ದಿನ ಮನೆಯಂಗಳದಲ್ಲೇ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮಗ ನೌಷಾದ್ ಆಗ ಇನ್ನೂ ಶಾಲೆಗೆ ಹೋಗುವ ಹುಡುಗ. ತಾಯಿಯ ಮನೆಯಲ್ಲಿ ಕಲಿತ ಹೊಲಿಗೆ ಅವಳ ಕೈಯಲ್ಲಿತ್ತು. ಈ ಕಟ್ಟಡದ ಮೇಲಿನ ಕೋಣೆ ಬಾಡಿಗೆಗೆ ಸಿಕ್ಕಿತು. ಹೊಲಿಗೆ ಮಷೀನು ಹಳತು, ಕುರ್ಚಿ ಹಳತು, ಬೋರ್ಡಿನಲ್ಲಿ ಮಾತ್ರ 'ನ್ಯೂ ಲೇಡೀಸ್ ಟೈಲರ್ಸ್' ಎಂದು ಬರೆಸಿದಳು. ಬೋರ್ಡಿನ ಬಣ್ಣ ಹೋಗಿ 'ನ್ಯೂ' ಎಂಬುದು ಓದಲು ಬಾರದೆ ಎಷ್ಟೋ ವರ್ಷವಾಯಿತು, ಗಿರಾಕಿಗಳಿಗೆ ಕೊರತೆಯಾಗಲಿಲ್ಲ. ಮದುಮಗಳ ರವಿಕೆಯೆಂದರೆ ನೆಬೀಸ, ಪೆರ್ನಾಲ್ ಎಂಬ ಈದ್ ಹಬ್ಬದ ಚೂಡಿದಾರವೆಂದರೆ ನೆಬೀಸ. ಪೇಟೆಯವರೆಲ್ಲ ಅವಳನ್ನು ನೆಬೀಸುಮ್ಮ ಎಂದೇ ಕರೆಯುತ್ತಾರೆ.

ಅವಳ ಒಂದು ಕ್ರಮ ಗಿರಾಕಿಗಳಿಗೆಲ್ಲ ಗೊತ್ತು. ಕುತ್ತಿಗೆ ಎಷ್ಟು ಇಳಿಯಬೇಕು, ತೋಳು ಎಲ್ಲಿಗೆ ನಿಲ್ಲಬೇಕು ಎಂದು ಬಾಯಲ್ಲಿ ಹೇಳಿದರೆ ಅವಳು ಒಪ್ಪುವುದಿಲ್ಲ. "ಕೈಯಲ್ಲಿ ತೋರಿಸು ಮಾರಾಯ್ತಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಬಟ್ಟೆಗೆ ಬರುದಿಲ್ಲ." ಇದು ಕಸುಬಿನ ಶಿಸ್ತು ಎಂದು ಎಲ್ಲರೂ ತಿಳಿದಿದ್ದರು.

ಶಿಸ್ತಲ್ಲ. ನೆಬೀಸಳ ಕಿವಿ ಹೋಗಿತ್ತು.

ಒಮ್ಮೆಲೆ ಹೋದದ್ದಲ್ಲ. ಮೊದಲು ಫೋನಿನಲ್ಲಿ ಮಾತು ತಿಳಿಯದಾಯಿತು. ಫೋನು ಸರಿಯಿಲ್ಲ ಎಂದು ಬದಲಿಸಿದಳು. ಆಮೇಲೆ ಬೆನ್ನ ಹಿಂದಿನ ಮಾತು ಹೋಯಿತು. ಒಬ್ಬಳು ತೋಳು ಗಿಡ್ಡ ಮಾಡಿ ಎಂದದ್ದು ಇವಳಿಗೆ ದೊಡ್ಡ ಮಾಡಿ ಎಂದು ಕೇಳಿಸಿ ಮುಂಗೈವರೆಗೆ ತೋಳಿಟ್ಟಳು. "ದೊಡ್ಡ ಇದ್ದದ್ದನ್ನು ಯಾವಾಗಲೂ ಗಿಡ್ಡ ಮಾಡಬಹುದು, ಗಿಡ್ಡ ಇದ್ದದ್ದನ್ನು ದೊಡ್ಡ ಮಾಡ್ಲಿಕ್ಕೆ ಆಗ್ತದಾ?" ಎಂದು ಅವಳನ್ನೇ ಗದರಿಸಿ ಕಳಿಸಿದಳು. ಆ ದಿನದಿಂದ ಕೈಯಲ್ಲಿ ತೋರಿಸುವ ಶಿಸ್ತು ಶುರುವಾಯಿತು. ತುಟಿ ಓದುವುದನ್ನು ಯಾರೂ ಕಲಿಸದೆ ಕಲಿತಳು.

ಯಾರಿಗೂ ಹೇಳಲಿಲ್ಲ. ಹೇಳಿದರೆ ನೌಷಾದನ ಕಿವಿಗೆ ಬೀಳುತ್ತದೆ. ನೌಷಾದನಿಗೆ ನೆಲ್ಯಾಡಿಯಲ್ಲಿ ಫ್ಯಾನ್ಸಿ ಅಂಗಡಿ, ಹೆದ್ದಾರಿಯ ಹತ್ತಿರ ಹೊಸ ಮನೆ. ಒಳ್ಳೆಯ ಮಗ, ಸೊಸೆ ರಸೀನಾ ಇನ್ನೂ ಒಳ್ಳೆಯವಳು. ಇಬ್ಬರದೂ ಒಂದೇ ಹಟ: "ಇಷ್ಟು ವರ್ಷ ದುಡಿದದ್ದು ಸಾಕು ಉಮ್ಮ. ಇನ್ನು ಬಂದು ಕೂತುಕೊಳ್ಳಿ." ಕೂತುಕೊಳ್ಳುವುದು ಎಂದರೆ ಆ ಮನೆಯ ಸೋಫಾ ಎಂದು ನೆಬೀಸಳಿಗೆ ಗೊತ್ತಿತ್ತು. ಮೆತ್ತಗಿನ ಸೋಫಾ. ಒಮ್ಮೆ ಕೂತರೆ ಏಳಲು ಇನ್ನೊಬ್ಬರ ಕೈ ಬೇಕು. ಮಷೀನಿನ ಮುಂದಿನ ಗಟ್ಟಿ ಕುರ್ಚಿ ಬಿಟ್ಟು ಅವಳಿಗೆ ಬೇರೆಲ್ಲೂ ಕೂರುವ ಮನಸ್ಸಿರಲಿಲ್ಲ.

ಹೀಗಿರುವಾಗ ಅವಳಿಗೆ ದೊಡ್ಡ ಕಷ್ಟವಾದದ್ದು ರಂಝಾನ್ ತಿಂಗಳಲ್ಲಿ. ಸಂಜೆ ಮಸೀದಿಯ ಬಾಂಕು, ಅಂದರೆ ನಮಾಝಿನ ಕರೆ, ಕೇಳಿದ ಮೇಲಲ್ಲವೇ ಉಪವಾಸ ತೊರೆಯುವುದು? ಮೊದಲೆಲ್ಲ ಜಗಲಿಯಲ್ಲಿ ನಿಂತರೆ ಮಸೀದಿಯ ಮಿನಾರದ ಹಸಿರು ದೀಪ ಕಾಣುತ್ತಿತ್ತು. ನಡುವೆ ನಾಲ್ಕು ಮಾಳಿಗೆಯ ಕಾಂಪ್ಲೆಕ್ಸ್ ಎದ್ದು ಅದೂ ಮರೆಯಾಯಿತು. ಯಾರನ್ನಾದರೂ "ಬಾಂಕ್ ಆಯ್ತಾ" ಎಂದು ಕೇಳಬಹುದಿತ್ತು. ದಿನಾ ಕೇಳಿದರೆ ಗುಟ್ಟು ಉಳಿಯುವುದಿಲ್ಲ. ಆಗ ಅವಳು ಕಂಡುಕೊಂಡದ್ದು ಬಾವಲಿಗಳನ್ನು.

ಕಂಡುಕೊಂಡದ್ದು ಸೀತಕ್ಕನ ಒಟ್ಟಿಗೆ ಕೂತಿರುವಾಗ. ಸೀತಕ್ಕನದು ಅದೇ ಕಟ್ಟಡದ ಕೆಳಗಿನ ನೂಲು, ಬಟನ್, ಲೇಸಿನ ಅಂಗಡಿ. ಅಜ್ಜಾವರದ ಕಡೆಯ ಜಮೀನ್ದಾರರ ಮನೆಯ ಮಗಳು. ಗಂಡ ತೀರಿದ ಮೇಲೆ ಮನೆಯೊಳಗೆ ಕೂತು ಬೇಸರವಾಗುತ್ತದೆಂದು ಅಂಗಡಿ ಇಟ್ಟವಳು. ಮೇಲೆ ಹೊಲಿಗೆ, ಕೆಳಗೆ ನೂಲು. ಇಬ್ಬರ ಸ್ನೇಹಕ್ಕೆ ಬೇರೆ ಕಾರಣ ಬೇಕಿರಲಿಲ್ಲ. ಇಬ್ಬರೂ ತುಳುವಿನಲ್ಲೇ ಮಾತಾಡಿ, ತುಳುವಿನಲ್ಲೇ ಜಗಳಾಡುವವರು. ಉಪವಾಸದ ತಿಂಗಳಲ್ಲಿ ಸೀತಕ್ಕ ಸಂಜೆ ಅಂಗಡಿಯ ಬಾಗಿಲು ಅರ್ಧ ಎಳೆದು, ಬಚ್ಚಂಗಾಯಿ ಎಂಬ ಕಲ್ಲಂಗಡಿ ಹಣ್ಣು ಕೊಯ್ದ ತಟ್ಟೆ ಹಿಡಿದುಕೊಂಡು ಮೇಲೆ ಬರುತ್ತಾಳೆ. ಹಿಂದಿನ ಜಗಲಿಯಲ್ಲಿ ಮಳೆಮರಕ್ಕೆ ಮುಖ ಮಾಡಿ ಇಬ್ಬರೂ ಕೂರುತ್ತಾರೆ. ಮಳೆಮರದ ಎಲೆಗಳು ಕೈಮುಗಿದ ಹಾಗೆ ಮಡಚಿಕೊಳ್ಳುತ್ತವೆ. ಸ್ವಲ್ಪ ಹೊತ್ತಿಗೆ ಸೀತಕ್ಕ ತಟ್ಟೆ ಮುಂದೆ ತಳ್ಳಿ, "ಹೊರಟಿತು ನೋಡು" ಎನ್ನುತ್ತಾಳೆ.

ಬಾವಲಿ ಹೊರಟಿತು, ಬಾಂಕ್ ಆಯಿತು. ಎರಡೂ ಒಂದೇ ಹೊತ್ತಿಗೆ ಎಂಬುದು ನೆಬೀಸಳಿಗೆ ಹೀಗೆ ಮನದಟ್ಟಾಯಿತು. ಎಷ್ಟೋ ದಿನ ಅವಳ ಕಣ್ಣಿಗೆ ಹಾರಿದ್ದು ಕಾಣುತ್ತಿರಲಿಲ್ಲ. ತನ್ನ ಕಣ್ಣು ಮಂಜಾಗಿದೆ, ಸೀತಕ್ಕನದು ಚುರುಕು ಎಂದುಕೊಂಡು ಖರ್ಜೂರ ಬಾಯಿಗೆ ಹಾಕುತ್ತಿದ್ದಳು. ಮೂರು ರಂಝಾನ್ ಹೀಗೆ ಕಳೆಯಿತು. ಒಂದು ದಿನವೂ ತಪ್ಪಲಿಲ್ಲ.

ತಪ್ಪಿದ್ದು ನಾಲ್ಕನೆಯ ವರ್ಷ, ಪೆರ್ನಾಲಿಗೆ ವಾರ ಇರುವಾಗ.

ಆ ದಿನ ಸೀತಕ್ಕ ಇರಲಿಲ್ಲ. ಮೊಮ್ಮಗ ದಿಶಾಂತನ ಹೆಸರಲ್ಲಿ ಆಶ್ಲೇಷ ಬಲಿ ಮಾಡಿಸಲು ಸುಬ್ರಹ್ಮಣ್ಯಕ್ಕೆ ಹೊರಟಿದ್ದಳು. ಹೊರಡುವ ಮೊದಲು ಬಚ್ಚಂಗಾಯಿಯ ಡಬ್ಬಿ ಹಿಡಿದು ಮೇಲೆ ಬಂದು, ನೆಬೀಸಳ ಒಟ್ಟಿಗೆ ಹೊಲಿಯುವ ಶಮೀನಾಳ ಹತ್ತಿರ, "ಸಂಜೆ ಉಮ್ಮನ ಬದಿಯಲ್ಲೇ ಕೂತುಕೋ ಆಯ್ತಾ" ಎಂದಳು.

"ಮತ್ತೆಂತ, ನಾನು ಮರದಲ್ಲಿ ನೇತಾಡುದಾ?" ಎಂದಳು ಶಮೀನಾ. ಎರಡು ಮಕ್ಕಳ ತಾಯಿ, ಕೈಯಷ್ಟೇ ಬಾಯಿಯೂ ಚುರುಕು.

ಹಬ್ಬದ ಬಟ್ಟೆಗಳು ಕೋಣೆಯ ತುಂಬ ರಾಶಿ ಬಿದ್ದಿದ್ದವು. ಮಧ್ಯಾಹ್ನದ ಮೇಲೆ ಮೂಡು ದಿಕ್ಕಿನ ಗುಡ್ಡೆಗಳಲ್ಲಿ ಮೋಡ ಕಟ್ಟಿತು. ಸೆಕೆಯೆಂದರೆ ಉಸಿರು ಹೊರಗೆ ಹೋಗದಷ್ಟು. ಆಮೇಲೆ ಗಾಳಿ ಬೀಸಿ, ಬೇಸಿಗೆಯ ಮಳೆ ಬಿದ್ದು, ಕರೆಂಟು ಹೋಯಿತು. ಕೋಣೆಯೊಳಗೆ ಕತ್ತಲೆ. ಗೋಡೆಯ ಗಡಿಯಾರದ ಮುಳ್ಳು ಕಾಣುತ್ತಿರಲಿಲ್ಲ. ಶಮೀನಾಳ ಫೋನು ಚಾರ್ಜು ಮುಗಿದು ಸತ್ತಿತ್ತು. ಅವಳು ಕಿಟಕಿಯ ಬದಿಗೆ ಮಷೀನು ಎಳೆದುಕೊಂಡು, ಬಂದಷ್ಟು ಬೆಳಕಿನಲ್ಲಿ ಒಂದು ಗೌನಿನ ಅಂಚು ಮಡಚುತ್ತಿದ್ದಳು. ಕೆಲಸದ ಗಡಿಬಿಡಿಯಲ್ಲಿ ಹೊತ್ತಿನ ಲೆಕ್ಕ ಅವಳಿಗೂ ತಪ್ಪಿತ್ತು.

ನೆಬೀಸ ಜಗಲಿಗೆ ಬಂದು ನೋಡಿದಳು. ಮಳೆಮರದ ಎಲೆಗಳು ಮಡಚಿಕೊಂಡಿವೆ. ಮೋಡ ಮುಸುಕಿದರೂ ಅವು ಮಡಚುತ್ತವೆ ಎಂಬುದು ಆ ಗಳಿಗೆಗೆ ಅವಳ ನೆನಪಿಗೆ ಬರಲಿಲ್ಲ. ಅಷ್ಟರಲ್ಲಿ ಗಾಳಿಗೆ ಒಂದು ದೊಡ್ಡ ಕೊಂಬೆ ಮುರಿದು ಬಿತ್ತು. ಬಿದ್ದ ಸದ್ದು ಅವಳಿಗೆ ಕೇಳಿಸಲಿಲ್ಲ. ಕಾಲಡಿಯ ಹಲಗೆ ಸಣ್ಣಗೆ ನಡುಗಿತು, ಗುಡುಗು ಎಂದುಕೊಂಡಳು. ಕಂಡದ್ದು ಬಾವಲಿಗಳು. ಒಂದೆರಡಲ್ಲ, ಇಡೀ ಮರವೇ ಎದ್ದು ಹೊರಟ ಹಾಗೆ, ಕಪ್ಪು ಆಕಾಶಕ್ಕೆ ಇನ್ನಷ್ಟು ಕಪ್ಪು ಬಳಿದ ಹಾಗೆ.

ಅವಳು ಬಿಸ್ಮಿ ಹೇಳಿ ಖರ್ಜೂರ ತೆಗೆದಳು.

ಶಮೀನಾ ತಲೆಯೆತ್ತಿದಳು. "ಬಾಂಕ್ ಆಯ್ತಾ ಉಮ್ಮ? ಕರೆಂಟಿಲ್ಲ, ಮೈಕ್ ಇಲ್ಲ. ನನಗೆ ಕೇಳ್ಲಿಲ್ಲ."

ಮಂದ ಬೆಳಕಿನಲ್ಲೂ ನೆಬೀಸ ಆ ತುಟಿಗಳನ್ನು ಓದಿದಳು. 'ಆಯ್ತು' ಎಂದಷ್ಟೇ ಹೇಳಬಹುದಿತ್ತು. 'ಹೊತ್ತಾಯ್ತು' ಎನ್ನಬಹುದಿತ್ತು. ಆದರೆ ಗುಟ್ಟು ಕಾಯುವವರ ಬಾಯಿ ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚೇ ಆಡುತ್ತದೆ.

"ಆಯ್ತು. ನನಗೆ ಕೇಳಿತು. ಬೇಗ ಬಾ."

ನೆಬೀಸುಮ್ಮನಿಗೆ ಕೇಳಿದ ಮೇಲೆ ಇನ್ನೇನು? ಶಮೀನಾ ಖರ್ಜೂರ ತಿಂದಳು. ನನ್ನಾರಿ ಶರಬತ್ತಿನ ಗ್ಲಾಸು ಎತ್ತಿ ಗಟಗಟನೆ ಅರ್ಧ ಕುಡಿದಳು. ಅಷ್ಟು ಹೊತ್ತಿಗೆ ಗಾಳಿ ಮೋಡವನ್ನು ದೂಡಿಕೊಂಡು ಹೋಯಿತು. ಪಡು ದಿಕ್ಕು ತೆರೆಯಿತು. ಅಲ್ಲಿಂದ ಬಿಸಿಲು ಬಂದು ನೇರ ಶಮೀನಾಳ ಗ್ಲಾಸಿಗೆ ಬಿತ್ತು. ಒಳಗಿನ ಶರಬತ್ತು ಕೆಂಪಗೆ ಹೊಳೆಯಿತು.

ಇಬ್ಬರೂ ಆ ಗ್ಲಾಸನ್ನೇ ನೋಡಿದರು.

"ಉಮ್ಮ," ಎಂದಳು ಶಮೀನಾ ಮೆಲ್ಲಗೆ, "ಇದು ಎಂತ? ಬಿಸಿಲಲ್ವಾ ಇದು?"

ನೆಬೀಸಳ ಕೆನ್ನೆಯಲ್ಲಿ ಇನ್ನೂ ಖರ್ಜೂರದ ಬೀಜ ಇತ್ತು. ಹೊರಗೆ ಬಾವಲಿಗಳು ಬಿಸಿಲಿನಲ್ಲಿ ದಿಕ್ಕು ತಪ್ಪಿ ನಾಲ್ಕು ಸುತ್ತು ಸುತ್ತಿ, ತಮ್ಮ ತಪ್ಪು ತಿಳಿದು, ಒಂದೊಂದಾಗಿ ಬಂದು ಮತ್ತೆ ಮರಕ್ಕೆ ನೇತುಕೊಂಡವು. ಅವು ಹೋದದ್ದು ವಾಪಸು ಬರಬಹುದು. ನುಂಗಿದ ಖರ್ಜೂರ ವಾಪಸು ಬರುವುದಿಲ್ಲ.

ಶಮೀನಾ ಮೊದಲು ಅತ್ತಳು. ಈ ಸೆಕೆಯಲ್ಲಿ, ಒಂದು ತೊಟ್ಟು ನೀರಿಲ್ಲದೆ, ಬೆನ್ನು ಬಗ್ಗಿಸಿ ಹೊಲಿಯುತ್ತ ಹಿಡಿದ ಉಪವಾಸ. ಅತ್ತು ಮುಗಿದ ಮೇಲೆ ಅವಳಿಗೆ ಸಿಟ್ಟು ಬಂತು. ಸಿಟ್ಟು ನೆಬೀಸಳ ಕಡೆ ತಿರುಗಲಿಲ್ಲ.

"ಮುಕ್ರಿಗೆ ಎಂತ ಆಗಿದೆ? ಮೋಡ ನೋಡಿ ಬಾಂಕ್ ಕೊಡುದಾ?"

ಮುಕ್ರಿ ಎಂದರೆ ಮಸೀದಿಯಲ್ಲಿ ಬಾಂಕು ಕೊಡುವ ಮಮ್ಮು. ಕಪ್ಪು ಗಡ್ಡದವನಾಗಿದ್ದಾಗಿನಿಂದ ಬಿಳಿ ಗಡ್ಡದವನಾಗುವವರೆಗೆ ಅದೇ ಕೆಲಸ ಮಾಡಿದ ಮುದುಕ. ನೆಬೀಸ ಬಾಯಿ ತೆರೆದಳು. ಅವರು ಕೊಟ್ಟದ್ದಲ್ಲ ಎನ್ನಬೇಕು. ಎಂದರೆ ಮುಂದಿನ ಮಾತು ಏನು? ಬಾಯಿ ಮುಚ್ಚಿದಳು. ಶಮೀನಾ ಆಗಲೇ ಮೆಟ್ಟಿಲು ಇಳಿದು, ಕೆಳಗಿನವರ ಫೋನಿನಿಂದ ಗಂಡನಿಗೆ ಸುದ್ದಿ ಮುಟ್ಟಿಸುತ್ತಿದ್ದಳು. ನಿಜವಾದ ಬಾಂಕು ಆಗುವ ಹೊತ್ತಿಗೆ ಕರೆಂಟು ಬಂದಿತ್ತು. ಮೈಕಿನಲ್ಲಿ ಅದು ಸರಿಯಾಗಿ ಕೇಳಿಸಿತು. "ಇವತ್ತು ಎರಡೆರಡು ಬಾಂಕ್" ಎಂದು ಶಮೀನಾ ಕೆಳಗೆ ಎಲ್ಲರಿಗೂ ಹೇಳಿಯಾಗಿತ್ತು.

ನಮಾಝ್ ಮುಗಿದ ಮೇಲೆ ಮಮ್ಮು ಮುಕ್ರಿ ದಿನದ ಹಾಗೆ ಪಕ್ಕದ ಗೂಡಂಗಡಿಗೆ ಒಂದು ಖಾಲಿ ಚಾ ಕುಡಿಯಲು ಬಂದ. ಶಮೀನಾಳ ಗಂಡ ಅಫ್ರೀದ್ ಸ್ಕೂಟರಿನ ಮೇಲೆ ಕಾಲೂರಿ ಅಲ್ಲೇ ಕಾದಿದ್ದ. ನೆಬೀಸ ಮೆಟ್ಟಿಲ ತುದಿಯಲ್ಲಿ ಕಟಾಂಜನ ಹಿಡಿದು ನಿಂತು, ಬೀದಿದೀಪದಲ್ಲಿ ಅವರ ತುಟಿಗಳನ್ನು ನೋಡುತ್ತಿದ್ದಳು.

"ಎಂತ ಮಮ್ಮುಕಾಕ, ಇವತ್ತು ಹಸಿವು ತಡೀಲಿಕ್ಕೆ ಆಗ್ಲಿಲ್ವಾ?"

"ಎಂತದು ಮಾರಾಯ?"

"ಹೊತ್ತು ಕಂತುವ ಮೊದಲೇ ಬಾಂಕ್ ಕೊಟ್ರಲ್ಲ. ನನ್ನ ಹೆಂಡತಿಯ ನೋಂಬು ಮುರಿಯಿತು."

"ನಾನು ಒಮ್ಮೆಯೇ ಕೊಟ್ಟದ್ದು. ಮಳೆ ಬರುವಾಗ ಕಿಟಕಿ ಮುಚ್ಚುತ್ತಾ ಇದ್ದೆ."

"ನೆಬೀಸುಮ್ಮ ಕಿವಿಯಾರೆ ಕೇಳಿದ್ದಾರೆ."

ಮಮ್ಮು ಏನೋ ಹೇಳಲು ಹೊರಟವನು ನಿಂತ. ಟೋಪಿ ತೆಗೆದು ತಲೆ ಸವರಿಕೊಂಡ. "ನೆಬೀಸ ಕೇಳಿದ್ದಾ? ನೆಬೀಸ ಸುಳ್ಳು ಹೇಳುವವಳಲ್ಲ." ಚಾದ ಗ್ಲಾಸನ್ನು ಕಟ್ಟೆಯ ಮೇಲೆ ಇಟ್ಟ. "ಕೊಟ್ಟೆನಾ ಹಾಗಾದ್ರೆ? ಕತ್ತಲೆ ನೋಡಿ ಕೊಟ್ಟುಬಿಟ್ಟೆನಾ? ಕೊಟ್ಟದ್ದು ನನಗೇ ನೆನಪಿಲ್ವಾ?"

"ಕಮಿಟಿಯವರಿಗೆ ಹೇಳ್ತೇನೆ," ಎಂದ ಅಫ್ರೀದ್. "ಪ್ರಾಯ ಆಯ್ತು ನಿಮಗೆ. ಇನ್ನು ಮನೆಯಲ್ಲಿ ಕೂತುಕೊಳ್ಳುದು ಒಳ್ಳೆದು."

ಕೂತುಕೊಳ್ಳುವುದು. ಆ ಮಾತನ್ನು ತುಟಿಯಲ್ಲಿ ಓದಲು ನೆಬೀಸಳಿಗೆ ಬೆಳಕೂ ಬೇಕಿರಲಿಲ್ಲ.

ಅವಳು ಮೆಟ್ಟಿಲು ಇಳಿದು ಅವರ ನಡುವೆ ಬಂದು ನಿಂತಳು.

"ಬಾಂಕ್ ಕೊಟ್ಟದ್ದು ಇವರಲ್ಲ. ಬಾವಲಿ."

ಯಾರಿಗೂ ಅರ್ಥವಾಗಲಿಲ್ಲ. ಶಮೀನಾ ಬಂದು ಅವಳ ಕೈ ಹಿಡಿದಳು, ಉಪವಾಸದ ಬಳಲಿಕೆಯಿಂದ ಏನೋ ಆಗಿದೆ ಎಂದು. ನೆಬೀಸ ಕೈ ಬಿಡಿಸಿಕೊಂಡಳು.

"ನನಗೆ ಕಿವಿ ಕೇಳುದಿಲ್ಲ. ಇವತ್ತು ನಿನ್ನೆಯಿಂದ ಅಲ್ಲ. ಬಾವಲಿ ಹೊರಡುದು ನೋಡಿ ನೋಂಬು ತೊರೆಯುವವಳು ನಾನು. ಇವಳು ಕೇಳಿದಾಗ 'ನನಗೆ ಕೇಳಿತು' ಅಂತ ಹೇಳಿದೆ. ಅದು ಸುಳ್ಳು."

ಕಿವಿ ಕೇಳದವರಿಗೆ ತಮ್ಮ ಗುಟ್ಟನ್ನು ಮೆಲ್ಲಗೆ ಹೇಳಲು ಬರುವುದಿಲ್ಲ. ಅವಳ ಸ್ವರ ಎಷ್ಟು ದೊಡ್ಡದಾಗಿ ಬಂತೆಂದರೆ ಕೊಡೆ ಹಿಡಿದು ಹೋಗುತ್ತಿದ್ದವರೂ ನಿಂತರು. ಮೊಬೈಲ್ ಅಂಗಡಿಯವರು ಬಾಗಿಲಿಗೆ ಬಂದರು. ನಾಲ್ಕು ವರ್ಷ ಸೆರಗಿನಲ್ಲಿ ಕಟ್ಟಿಟ್ಟದ್ದು ನಾಲ್ಕು ಮಾತಿನಲ್ಲಿ ಬೀದಿಗೆ ಬಿತ್ತು.

ಮಮ್ಮು ಕಟ್ಟೆಯ ಮೇಲೆ ಕೂತುಬಿಟ್ಟ. "ಅಲ್‌ಹಮ್ದುಲಿಲ್ಲಾ," ಎಂದ. "ಹಾಗಾದ್ರೆ ನನ್ನ ತಲೆ ಸರಿ ಉಂಟು." 

ತಣಿದ ಚಾ ಕುಡಿದು, ಮುಖವನ್ನು ನೆಬೀಸಳ ಕಡೆ ಸರಿಯಾಗಿ ತಿರುಗಿಸಿ ಹೇಳಿದ: "ಹೊತ್ತು ತಪ್ಪಿ ತಿಂದದ್ದಕ್ಕೆ ಹೆದರಬೇಡಿ. ಇಬ್ಬರೂ ಪೆರ್ನಾಲ್ ಕಳೆದ ಮೇಲೆ ಒಂದೊಂದು ನೋಂಬು ಮತ್ತೆ ಹಿಡಿದರಾಯ್ತು, ಮಸೀದಿಯ ಉಸ್ತಾದರೂ ಇದನ್ನೇ ಹೇಳುದು. ಸುಳ್ಳಿನದು ನೀನೂ ಅಲ್ಲಾಹನೂ ನೋಡಿಕೊಳ್ಳಿ. ಮತ್ತೆ ನಿನ್ನ ಬಾವಲಿಗೆ ಒಂದು ಮೈಕ್ ಕೊಡಿಸುವ. ನನಗೂ ಸ್ವಲ್ಪ ರಜೆ ಸಿಕ್ಕಲಿ."

ನಿಂತವರು ನಕ್ಕರು. ಅಫ್ರೀದ್ ತಲೆ ತಗ್ಗಿಸಿ, "ಮಾಫ್ ಮಾಡಿ ಮಮ್ಮುಕಾಕ" ಎಂದ. ಶಮೀನಾ ಮಾತ್ರ ನಗಲಿಲ್ಲ. ಸಲಾಮೂ ಹೇಳದೆ ಸ್ಕೂಟರಿನ ಹಿಂದೆ ಕೂತು ಹೋದಳು.

ಮರುದಿನ ಶಮೀನಾ ಬರುತ್ತಾಳೋ ಇಲ್ಲವೋ ಎಂದು ನೆಬೀಸ ಬಾಗಿಲನ್ನೇ ನೋಡುತ್ತಿದ್ದಳು. ಬಂದಳು, ತಡವಾಗಿ. ನೆಬೀಸಳ ಕಡೆ ನೋಡದೆ ಮಷೀನಿಗೆ ಕೂತಳು. ಮಧ್ಯಾಹ್ನದ ಹೊತ್ತಿಗೆ ಎದ್ದು ಬಂದು, ನೆಬೀಸಳ ಎದುರು ಕುಕ್ಕರಗಾಲಲ್ಲಿ ಕೂತು, ಬಾಯಿಯನ್ನು ದೊಡ್ಡದಾಗಿ ತೆರೆದು ಮುಚ್ಚಿ ಕೇಳಿದಳು: "ಯಾ-ಕೆ ಹೇ-ಳ್ಲಿ-ಲ್ಲ?"

"ಅಷ್ಟು ಬಾಯಿ ಹಿಗ್ಗಿಸಬೇಡ, ಕಪ್ಪೆಯ ಹಾಗೆ ಕಾಣುತ್ತಿ. ಸಾಧಾರಣ ಮಾತಾಡಿದರೆ ಸಾಕು ನನಗೆ."

ಶಮೀನಾಳಿಗೆ ನಗು ಬಂತು. ನಗುವಿನ ಹಿಂದೆಯೇ ಅಳು. "ನನ್ನ ಹತ್ತಿರ ಆದ್ರೂ ಹೇಳಬಹುದಿತ್ತು. ನಾನು ನಿಮ್ಮನ್ನು ನಂಬಿ ತಿಂದದ್ದು."

"ಹೌದು," ಎಂದಳು ನೆಬೀಸ. "ಅದಕ್ಕೆ ನನ್ನ ಹತ್ತಿರ ಜವಾಬಿಲ್ಲ."

ಶಮೀನಾ ಕಣ್ಣೊರೆಸಿಕೊಳ್ಳುವಾಗ ಮೆಟ್ಟಿಲಲ್ಲಿ ಬೂಟಿನ ಕಾಲು. ಶಮೀನಾ ತಿರುಗಿದ್ದನ್ನು ನೋಡಿ ನೆಬೀಸಳೂ ತಿರುಗಿದಳು. ನೌಷಾದ್. ಪುತ್ತೂರಿನ ಬೀದಿಯಲ್ಲಿ ಕೂಗಿದ್ದು ನೆಲ್ಯಾಡಿಗೆ ಮುಟ್ಟಲು ಎಷ್ಟು ಹೊತ್ತು ಬೇಕು?

ಅವನು ಕೂಗಾಡಲಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆಯಾದದ್ದು. ಮುಂದೆ ಕೂತು ಅವಳ ಮುಖ ನೋಡಿ ಹೇಳಿದ. "ಉಮ್ಮ, ಹೊರಡಿ. ಹಬ್ಬದ ಬಟ್ಟೆ ಶಮೀನಾ ಮುಗಿಸ್ತಾಳೆ. ಕೆಳಗೆ ಕಾರು ಉಂಟು."

"ಯಾಕೆ?"

"ಯಾಕೆ ಅಂದ್ರೆ? ಕಿವಿ ಕೇಳುದಿಲ್ಲ ನಿಮಗೆ."

"ಕಿವಿಯಲ್ಲಿ ಹೊಲಿಯುದಾ ನಾನು?"

ನೌಷಾದ್ ಇನ್ನಷ್ಟು ಹತ್ತಿರ ಸರಿದು ಕೂತ. ಆಮೇಲೆ ಸ್ವರ ಇಳಿಸಿ, "ಹೊಲಿಗೆಯ ಮಾತಲ್ಲ ಉಮ್ಮ. ಆ ರಸ್ತೆ ನೋಡಿದ್ದೀರಾ? ಬಸ್ಸಿನವರು ಹಾರ್ನ್ ಹೊಡೆದರೆ ನಿಮಗೆ ಕೇಳುದುಂಟಾ? ನನಗೆ ಅಲ್ಲಿ ಅಂಗಡಿಯಲ್ಲಿ ಕೂತು ಇದನ್ನೇ ಯೋಚನೆ ಮಾಡುದಾ?" ಎಂದ.

ಮಗನ ಹೆದರಿಕೆ ಸುಳ್ಳಲ್ಲ. ನೆಬೀಸ ಕತ್ತರಿಯನ್ನು ಕೈಯಿಂದ ಕೆಳಗಿಟ್ಟಳು. ಅಷ್ಟರಲ್ಲಿ ಬಾಗಿಲಲ್ಲಿ ಸೀತಕ್ಕ. ಒಂದು ಕೈಯಲ್ಲಿ ಸುಬ್ರಹ್ಮಣ್ಯದ ಪ್ರಸಾದದ ಚೀಲ, ಇನ್ನೊಂದು ಕೈ ಸೊಂಟದ ಮೇಲೆ. ಕೆಳಗೆ ಬೀದಿಯಲ್ಲಿ ಎಲ್ಲ ಕೇಳಿಕೊಂಡೇ ಮೇಲೆ ಹತ್ತಿದ್ದಳು.

"ರಸ್ತೆಯ ವಿಷಯ ನೀನು ಬಿಡು ನೌಷಾದ್," ಎಂದಳು. "ಮೂರು ವರ್ಷದಿಂದ ಸಂಜೆ ಇವಳ ಕೈ ಹಿಡಿದು ರಸ್ತೆ ದಾಟಿಸುದು ಯಾರು?"

ನೆಬೀಸ ಹುಬ್ಬು ಗಂಟಿಕ್ಕಿದಳು. "ನೀನು ದಾಟಿಸುದಾ? ನಿನಗೆ ಗಂಟುನೋವು ಅಂತ ನಾನಲ್ವಾ ನಿನ್ನನ್ನು ದಾಟಿಸುದು?"

"ನನ್ನ ಗಂಟಿಗೆ ಎಂತದೂ ಆಗ್ಲಿಲ್ಲ ಮಾರಾಯ್ತಿ. ಇಲ್ಲದಿದ್ದರೆ ನೀನು ಕೈ ಕೊಡ್ತಿದ್ದೆಯಾ?"

ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು. ನೆಬೀಸಳಿಗೆ ಅದೂ ಇಲ್ಲ.

"ನಿನಗೆ ಗೊತ್ತಿತ್ತಾ?"

"ಗೊತ್ತಾಗದೆ?" ಸೀತಕ್ಕ ಕುರ್ಚಿ ಎಳೆದು ಕೂತಳು. "ಒಂದು ಸಂಜೆ ಜಗಲಿಯಲ್ಲಿ ಕೂತಿದ್ದೆವು. ಬಾವಲಿಗಳು ಕೊಂಬೆಗಾಗಿ ಕಚ್ಚಾಡಿ ಕಿರುಚಾಡಿ ನನಗೆ ಕಿವಿ ಮುಚ್ಚಿಕೊಳ್ಳುವ ಹಾಗೆ ಆಗಿತ್ತು. ಆಗ ನೀನು ಹೇಳಿದ್ದು: 'ಈ ಬಾವಲಿಗಳಿಗೆ ಈಗ ಮರ್ಯಾದೆ ಬಂತು ಸೀತಕ್ಕ, ಮೊದಲಿನ ಗಲಾಟೆ ಇಲ್ಲ.' ಆ ದಿನವೇ ಗೊತ್ತಾಯ್ತು. ನೀನು ಹೇಳುದಿಲ್ಲ ಅಂದ ಮೇಲೆ ನಾನು ಯಾಕೆ ಕೇಳುದು?"

"ಬಾಂಕ್?" ಎಂದಳು ನೆಬೀಸ. ಸ್ವರ ಸಣ್ಣದಾಗಿತ್ತು. "ಬಾವಲಿ ಹೊರಡುದು ಬಾಂಕಿನ ಹೊತ್ತಿಗೇ ಅಲ್ವಾ?"

"ಬಾವಲಿಗೆ ಎಂತ ಗೊತ್ತು ನಿನ್ನ ಬಾಂಕ್? ಹೆಚ್ಚಿನ ದಿನ ಅವು ಆಮೇಲೆ ಹಾರುದು. ನನಗೆ ಬಾಂಕ್ ಕೇಳಿದ ಕೂಡಲೇ 'ಹೊರಟಿತು ನೋಡು' ಅಂತ ಹೇಳುದು. ಅಷ್ಟೇ."

"ಒಂದೂ ಹಾರದ ದಿನ?"

"ಆ ದಿನವೂ ಹೇಳುದು. ನಿನ್ನ ಕಣ್ಣು ಮಂಜು ಅಂತ ನೀನೇ ತಿಳ್ಕೊಳ್ಳುತ್ತಿದ್ದೆ."

ಮೂರು ರಂಝಾನಿನ ಸಂಜೆಗಳೆಲ್ಲ ನೆಬೀಸಳ ಕಣ್ಣ ಮುಂದೆ ಒಂದೊಂದಾಗಿ ಹಾದುಹೋದವು. ಪ್ರತಿಯೊಂದರಲ್ಲೂ ಬಚ್ಚಂಗಾಯಿಯ ತಟ್ಟೆ ಮುಂದೆ ಬರುತ್ತಿತ್ತು. ಅವಳು ಮರವನ್ನು ನೋಡುತ್ತಿದ್ದಳು. ತಟ್ಟೆ ತಳ್ಳಿದ ಕೈಯನ್ನು ಒಮ್ಮೆಯೂ ನೋಡಿರಲಿಲ್ಲ.

ನೌಷಾದ್ ಒಮ್ಮೆ ಉಮ್ಮನನ್ನು, ಒಮ್ಮೆ ಸೀತಕ್ಕನನ್ನು ನೋಡಿದ. ಮೊದಲು ಬಾಯಿ ಬಿಟ್ಟವಳು ಶಮೀನಾ.

"ನೌಷಾದಿಕ್ಕ, ನೀವು ಕರೆದುಕೊಂಡು ಹೋಗುದಾದ್ರೆ ಹೋಗಿ. ಆದರೆ ನನ್ನ ಒಂದು ನೋಂಬು ಮುರಿದದ್ದು ಉಮ್ಮ. ಅದನ್ನು ಮತ್ತೆ ಹಿಡಿಯುವ ದಿನ ಅವರು ನನ್ನೊಟ್ಟಿಗೆ ಇಲ್ಲೇ ಹಿಡಿಯಬೇಕು. ಅಲ್ಲಿವರೆಗೆ ನಾನು ಬಿಡುವವಳಲ್ಲ. ಅದು ಯಾವ ದಿನ ಅಂತ ನಾನಿನ್ನೂ ತೀರ್ಮಾನ ಮಾಡ್ಲಿಲ್ಲ."

"ಮುಂದಿನ ರಂಝಾನಿನ ಒಳಗೆ ಮಾಡಿದರೆ ಆಯ್ತಲ್ಲ," ಎಂದಳು ಸೀತಕ್ಕ, ಪ್ರಸಾದದ ಚೀಲದಿಂದ ಒಂದು ಬಾಳೆಹಣ್ಣು ತೆಗೆಯುತ್ತ. "ಗಡಿಬಿಡಿ ಎಂತದು?"

ನೌಷಾದ್ ಕಿಟಕಿಯ ಹೊರಗೆ ಮುಖ ತಿರುಗಿಸಿದ. ಅವನು ನಗುತ್ತಿದ್ದಾನೆಂದು ಭುಜ ನೋಡಿಯೇ ಅವನ ತಾಯಿಗೆ ಗೊತ್ತಾಯಿತು. "ಈ ದರಿದ್ರ ಬಾವಲಿಗಳೇ ಅಲ್ಲಿ ನಮ್ಮ ರಂಬುಟಾನ್ ತಿಂದು ಹೋಗುದು," ಎಂದ. ಆಮೇಲೆ ತಾಯಿಯ ಕಡೆ ತಿರುಗಿ, "ಹಬ್ಬ ಕಳೆದ ಮೇಲೆ ಮಂಗಳೂರಿಗೆ ಹೋಗುವ. ಕಿವಿಯ ಡಾಕ್ಟರಿಗೆ ತೋರಿಸಬೇಕು. ಅದಕ್ಕೆ ಇಲ್ಲ ಹೇಳಬಾರದು" ಎಂದ.

"ಅದಕ್ಕೆ ಇಲ್ಲ ಹೇಳುದಿಲ್ಲ," ಎಂದು ನೆಬೀಸ ಕತ್ತರಿ ಎತ್ತಿಕೊಂಡಳು.

ಕೆಳಗಿನ ಕಾರು ಬಂದ ಹಾಗೇ ನೆಲ್ಯಾಡಿಗೆ ಹೋಯಿತು.

ಅಂದಿನಿಂದ ನೆಬೀಸ ಗಿರಾಕಿಗಳಿಗೆ ಬೇರೆ ಮಾತು ಹೇಳತೊಡಗಿದಳು. "ಎದುರು ಬಂದು ಹೇಳು ಮಗಾ, ನನಗೆ ಕಿವಿ ಇಲ್ಲ." ಗಿರಾಕಿಗಳು ಎದುರು ಬಂದು ಹೇಳಿದರು. ಹೇಳಿದ ಮೇಲೆ ಅಭ್ಯಾಸಬಲದಿಂದ ಕೈಯಲ್ಲೂ ತೋರಿಸಿದರು. ಹೊಲಿಗೆ ಎಂದಿನ ಹಾಗೇ ನಡೆಯಿತು. ಮಂಗಳೂರಿನ ಡಾಕ್ಟರು ಕಿವಿ ನೋಡಿ, ಕಿವಿಗೆ ಹಾಕುವ ಮಷೀನು ಬರಲು ಇನ್ನೊಂದು ತಿಂಗಳಾಗುತ್ತದೆ ಎಂದರು.

ಪೆರ್ನಾಲ್ ಕಳೆದು ಮಳೆಗಾಲ ಹತ್ತಿರವಾಗುತ್ತಿದ್ದ ಒಂದು ದಿನ ಶಮೀನಾ ಬೆಳಿಗ್ಗೆ ಬಂದವಳೇ, "ಉಮ್ಮ, ನಾಳೆ" ಎಂದಳು. ಮರುದಿನ ಇಬ್ಬರೂ ಉಪವಾಸ ಹಿಡಿದರು. ಊರಲ್ಲಿ ಬೇರೆ ಯಾರಿಗೂ ಉಪವಾಸವಿಲ್ಲದ ದಿನ. ಕೆಳಗಿನ ಗೂಡಂಗಡಿಯಿಂದ ಬಜೆ ಕರಿಯುವ ಪರಿಮಳ ಮೆಟ್ಟಿಲು ಹತ್ತಿ ಬರುತ್ತಿತ್ತು. ಸಂಜೆಗೆ ಸೀತಕ್ಕ ತಟ್ಟೆ ಹಿಡಿದು ಬಂದಳು. ಮೂವರೂ ಜಗಲಿಯಲ್ಲಿ ಸಾಲಾಗಿ ಕೂತರು.

ಆ ದಿನ ಮೋಡವಿತ್ತು. ಮಳೆಮರದ ಎಲೆಗಳು ಬೇಗನೆ ಮಡಚಿದವು. ಬಾವಲಿಗಳು ಇನ್ನೂ ಬೆಳಕಿರುವಾಗಲೇ ಮೈಮುರಿದು, ಒಂದೆರಡು ಸುತ್ತು ಬಂದು, ಆಮೇಲೆ ಇಡೀ ಹಿಂಡಾಗಿ ಕಟ್ಟಡದ ಮಾಡಿನ ಮೇಲಿಂದ ಹಾದುಹೋದವು. ಕೆಳಗೆ ಬೀದಿಯಲ್ಲಿ ಕೊಡೆಗಳು ಒಂದೊಂದಾಗಿ ಬಿಚ್ಚಿಕೊಂಡವು. ನೆಬೀಸ ನೋಡಿದಳು. ಖರ್ಜೂರ ಅವಳ ಬೆರಳ ನಡುವೆಯೇ ಇತ್ತು. ಕೊನೆಯ ಬಾವಲಿ ಗುಡ್ಡೆಯಾಚೆ ಚುಕ್ಕೆಯಾಗಿ ಹೋಯಿತು. ಬರಿದಾದ ಕೊಂಬೆಗಳು ಸ್ವಲ್ಪ ಹೊತ್ತು ಆಡುತ್ತಿದ್ದು, ಅವೂ ನಿಂತವು. ಶಮೀನಾ ಓರೆಗಣ್ಣಲ್ಲಿ ಉಮ್ಮನ ಕೈಯನ್ನು ನೋಡುತ್ತಿದ್ದಳು. ಆ ಕೈ ಅಲುಗಲಿಲ್ಲ.

ನೆಬೀಸ ಮರದಿಂದ ಕಣ್ಣು ತೆಗೆದು ಸೀತಕ್ಕನ ಕಡೆಗೆ ತಿರುಗಿ ಕೂತಳು.

ಸೀತಕ್ಕ ಎಲೆಯಡಿಕೆ ಜಗಿಯುತ್ತ, ಯಾವ ಅವಸರವೂ ಇಲ್ಲದೆ, ಖಾಲಿ ಆಕಾಶವನ್ನು ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳ ಜಗಿತ ನಿಂತಿತು. ತಲೆ ಸ್ವಲ್ಪ ವಾಲಿತು. ಕಾಂಪ್ಲೆಕ್ಸಿನಾಚೆ ಮಮ್ಮು ಮುಕ್ರಿಯ ಸ್ವರ ಏಳುತ್ತಿರಬೇಕು. ಅವಳು ಬಚ್ಚಂಗಾಯಿಯ ತಟ್ಟೆಯನ್ನು ಮುಂದೆ ತಳ್ಳಿ, ಒಂದೂ ಬಾವಲಿಯಿಲ್ಲದ ಮರದ ಕಡೆ ಕೈ ಮಾಡಿ ಹೇಳಿದಳು:

"ಹೊರಟಿತು ನೋಡು."

ನೆಬೀಸ ಖರ್ಜೂರ ಬಾಯಿಗೆ ಹಾಕಿದಳು.